ಹಿಲರಿ ಕ್ಲಿಂಟನ್ ಇಮೇಲ್ ತನಿಖೆ: ರಿಯಾಯ್ತಿಯೂ ಸಿಕ್ಕಿತು, ಅನ್ಯಾಯವೂ ಆಯಿತು

2016ರ ಜುಲೈ 5ರಂದು ಅಮೆರಿಕದ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐನ ನಿರ್ದೇಶಕ ಜೇಮ್ಸ್ ಕೋಮಿ ಟಿವಿ ಕ್ಯಾಮೆರಾಗಳ ಮುಂದೆ ನಿಂತು, ಡೆಮಾಕ್ರಟಿಕ್ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿಯಾಗಲಿದ್ದ ಹಿಲರಿ ಕ್ಲಿಂಟನ್ ಕಚೇರಿ ಕೆಲಸಕ್ಕೆ ಖಾಸಗಿ ಇಮೇಲ್ ಬಳಸಿದ್ದರ ಬಗ್ಗೆ ಕೇಸು ಹಾಕುವಂಥದ್ದೇನೂ ಇಲ್ಲ ಎಂದರು. ರಿಪಬ್ಲಿಕನ್ನರು ಕೆಂಡಾಮಂಡಲವಾದರು. ಡೆಮಾಕ್ರಟರು ಕೋಮಿ ಎಂಥ ಪ್ರಾಮಾಣಿಕ ಮನುಷ್ಯ ಎಂದು ಹೊಗಳಿದರು. ಅದೇ ವರ್ಷ ಅಕ್ಟೋಬರ್ 28ರಂದು, ಅಧ್ಯಕ್ಷೀಯ ಚುನಾವಣೆಗೆ ಬರೀ 11 ದಿನ ಇರುವಾಗ, ಅದೇ ಕೋಮಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್‌ಗೆ ಪತ್ರ ಬರೆದು ಈ ತನಿಖೆಗೆ ಸಂಬಂಧಪಟ್ಟಿರಬಹುದಾದ ಹೊಸ ಇಮೇಲ್‌ಗಳು ಸಿಕ್ಕಿವೆ ಎಂದು ತಿಳಿಸಿದರು. ಈ ಸಲ ಡೊನಾಲ್ಡ್ ಟ್ರಂಪ್ ಪ್ರಚಾರ ಸಭೆಯಲ್ಲಿ, ಇದಕ್ಕೆ ಗುಂಡಿಗೆ ಬೇಕು ಎಂದು ಕೋಮಿಯನ್ನು ಹೊಗಳಿದರು. ಸೆನೆಟ್‌ನ ಡೆಮಾಕ್ರಟಿಕ್ ನಾಯಕ ಹ್ಯಾರಿ ರೀಡ್, ನೀವು ಕಾನೂನನ್ನೇ ಮುರಿದಿರಬಹುದು ಎಂದು ಕೋಮಿಗೆ ಪತ್ರ ಬರೆದರು. ಮನುಷ್ಯ ಅದೇ, ಸಂಸ್ಥೆ ಅದೇ, ಫೈಲೂ ಅದೇ. ನಡುವೆ ನಾಲ್ಕು ತಿಂಗಳೂ ಆಗಿರಲಿಲ್ಲ.

ಒಬ್ಬ ರಾಜಕಾರಣಿಯ ಮೇಲೆ ತನಿಖೆ ನಡೆದಾಗಲೆಲ್ಲ "ಬೇಕಂತಲೇ ಸಿಕ್ಕಿಸಿದರು" ಅಂತ ಒಂದು ಕಡೆ, "ಬೇಕಂತಲೇ ಬಿಟ್ಟುಬಿಟ್ಟರು" ಅಂತ ಇನ್ನೊಂದು ಕಡೆ ಕೂಗು ಏಳುತ್ತದೆ. ಹೆಚ್ಚಿನ ಸಲ ನಮಗೆ ಒಳಗೆ ಏನಾಯಿತು ಅಂತ ಗೊತ್ತೇ ಆಗುವುದಿಲ್ಲ, ಅದಕ್ಕೇ ಯಾವ ಪಕ್ಷ ಅಂತ ನೋಡಿ ಅಭಿಪ್ರಾಯ ಹೇಳಿಬಿಡುತ್ತೇವೆ. ಈ ಪ್ರಕರಣ ಹಾಗಲ್ಲ. ಅಧಿಕಾರಿಗಳ ಮೊಬೈಲ್ ಮೆಸೇಜುಗಳು, ಹೇಳಿಕೆಯ ಕರಡುಗಳು, ಯಾರು ಯಾವಾಗ ಯಾರಿಗೆ ಏನು ಹೇಳಿದರು ಅನ್ನುವುದು, ಎಲ್ಲವೂ ನ್ಯಾಯ ಇಲಾಖೆಯದೇ ಇನ್‌ಸ್ಪೆಕ್ಟರ್ ಜನರಲ್ (ಇಲಾಖೆಯ ಒಳಗಿನ ತಪ್ಪುಗಳನ್ನು ಪರಿಶೀಲಿಸುವ ಅಧಿಕಾರಿ) ಬರೆದ 500ಕ್ಕೂ ಹೆಚ್ಚು ಪುಟಗಳ ವರದಿಯಲ್ಲಿ ಹೊರಗೆ ಬಂದಿದೆ. ಅಷ್ಟನ್ನೂ ಮುಂದಿಟ್ಟುಕೊಂಡು ನೋಡಿದರೆ ನನಗೆ ಕಾಣುವುದು ಇಷ್ಟು: ಒಬ್ಬ ಸಾಮಾನ್ಯ ಸರ್ಕಾರಿ ನೌಕರನಿಗೆ ಯಾವತ್ತೂ ಸಿಗದಂಥ ರಿಯಾಯ್ತಿ ಹಿಲರಿಗೆ ಸಿಕ್ಕಿತು. ಆ ನೌಕರನಿಗೆ ಯಾವತ್ತೂ ಆಗದಂಥ ಅನ್ಯಾಯವೂ ಅವರಿಗೆ ಆಯಿತು. ಎರಡೂ ಒಂದೇ ತನಿಖೆಯಲ್ಲಿ, ಒಂದೇ ಅಧಿಕಾರಿಗಳ ಕೈಯಲ್ಲಿ. ಒಂದೊಂದು ಪಕ್ಷವೂ ತನಗೆ ಬೇಕಾದ ಅರ್ಧವನ್ನು ಮಾತ್ರ ಹಿಡಿದುಕೊಂಡು ಇವತ್ತಿಗೂ ಜಗಳ ಆಡುತ್ತಿದೆ.

ವಿಷಯ ಏನು

ಹಿಲರಿ 2009ರಿಂದ 2013ರವರೆಗೆ ಅಮೆರಿಕದ ವಿದೇಶಾಂಗ ಸಚಿವೆ. ಆ ನಾಲ್ಕು ವರ್ಷ ಅವರು ಸರ್ಕಾರಿ ಇಮೇಲ್ ಬಿಟ್ಟು ಖಾಸಗಿ ಇಮೇಲ್‌ನಲ್ಲೇ ಕಚೇರಿ ಕೆಲಸ ಮಾಡಿದರು. ಅದರ ಸರ್ವರ್ ನ್ಯೂಯಾರ್ಕ್ ರಾಜ್ಯದ ಚಪಾಕ್ವಾದಲ್ಲಿದ್ದ ಅವರ ಮನೆಯಲ್ಲಿತ್ತು. ಲಿಬಿಯಾದ ಬೆಂಗಾಜಿಯಲ್ಲಿ ಅಮೆರಿಕದ ರಾಯಭಾರಿ ಸತ್ತ 2012ರ ದಾಳಿಯ ಬಗ್ಗೆ ಕಾಂಗ್ರೆಸ್ ಸಮಿತಿಯೊಂದು ದಾಖಲೆ ಕೇಳುತ್ತಾ ಹೋದಾಗ ಇದು ಬಯಲಾಯಿತು, 2015ರ ಮಾರ್ಚ್‌ನಲ್ಲಿ ಪತ್ರಿಕೆಗಳಲ್ಲಿ ಬಂತು. ಅಷ್ಟರಲ್ಲಿ ಅವರ ವಕೀಲರು ಸುಮಾರು 30 ಸಾವಿರ ಇಮೇಲ್‌ಗಳನ್ನು ಕಚೇರಿಯವು ಎಂದು ಪ್ರಿಂಟ್ ತೆಗೆದು ಇಲಾಖೆಗೆ ಕೊಟ್ಟಾಗಿತ್ತು. ಇನ್ನೂ ಸುಮಾರು 31 ಸಾವಿರವನ್ನು ಖಾಸಗಿ ಎಂದು ಪಕ್ಕಕ್ಕಿಟ್ಟಿದ್ದರು. ಆ ಪಕ್ಕಕ್ಕಿಟ್ಟದ್ದನ್ನು ಸರ್ವರ್ ನೋಡಿಕೊಳ್ಳುತ್ತಿದ್ದ ಕಂಪನಿಯ ನೌಕರ ಅದೇ ಮಾರ್ಚ್‌ನಲ್ಲಿ, ಕಾಂಗ್ರೆಸ್ ಸಮಿತಿಯ ಸಮನ್ಸ್ ಬಂದ ಮೇಲೆ, ಒಂದು ಸಾಫ್ಟ್‌ವೇರ್ ಬಳಸಿ ಮತ್ತೆ ಸಿಗದ ಹಾಗೆ ಅಳಿಸಿಹಾಕಿದ. ಅಳಿಸಿ ಎಂದು ಹೇಳಿದ್ದು ತಿಂಗಳುಗಳ ಹಿಂದೆ, ಆತ ಮರೆತಿದ್ದು ನೆನಪಾಗಿ ಆಗ ಮಾಡಿದ ಎಂಬುದು ತನಿಖೆಯಲ್ಲಿ ಸಿಕ್ಕ ವಿವರಣೆ. ನಂಬದವರು ಇವತ್ತಿಗೂ ನಂಬುವುದಿಲ್ಲ, ಮತ್ತು ದಿನಾಂಕಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಅವರನ್ನು ದೂರುವುದೂ ಕಷ್ಟ.

2015ರ ಜುಲೈನಲ್ಲಿ ಎಫ್‌ಬಿಐ ತನಿಖೆ ಶುರು ಮಾಡಿತು. ಪ್ರಶ್ನೆ ಸರಳ: ರಹಸ್ಯ ಮಾಹಿತಿ ಆ ಸರ್ವರ್ ಮೂಲಕ ಹೋಯಿತಾ, ಹೋಗಿದ್ದರೆ ಗೊತ್ತಿದ್ದೂ ಕಳಿಸಿದರಾ? ಒಂದು ವರ್ಷದ ನಂತರ ಕೋಮಿ ಕೊಟ್ಟ ಲೆಕ್ಕದ ಪ್ರಕಾರ, 52 ಇಮೇಲ್ ಸರಣಿಗಳ 110 ಇಮೇಲ್‌ಗಳಲ್ಲಿ ಕಳಿಸಿದ ಹೊತ್ತಿನಲ್ಲೇ ರಹಸ್ಯವಾಗಿದ್ದ ಮಾಹಿತಿ ಇತ್ತು. 8 ಸರಣಿಗಳಲ್ಲಿ ಅತಿ ಗೋಪ್ಯ ದರ್ಜೆಯದು. ಇದು ಸಣ್ಣ ವಿಷಯ ಅಲ್ಲ, ಹಿಲರಿ ಅಭಿಮಾನಿಗಳು ಎಷ್ಟೇ ತೇಲಿಸಿ ಹೇಳಿದರೂ.

ರಿಯಾಯ್ತಿ

ರಿಪಬ್ಲಿಕನ್ನರ ದೂರಿನಿಂದ ಶುರು ಮಾಡೋಣ. ಅದರಲ್ಲಿ ಗಲಾಟೆ ಜಾಸ್ತಿ ಇದ್ದರೂ ಒಳಗೆ ಗಟ್ಟಿ ಕಾಳು ಇದೆ.

ಮೊದಲನೆಯದು ಮಾತಿನ ಮಟ್ಟದ್ದು. ಆಗ ಅಟಾರ್ನಿ ಜನರಲ್, ಅಂದರೆ ನ್ಯಾಯ ಇಲಾಖೆಯ ಮುಖ್ಯಸ್ಥೆ ಆಗಿದ್ದ ಲೊರೆಟ್ಟಾ ಲಿಂಚ್, ಇದನ್ನು ಹೊರಗೆ "ತನಿಖೆ" ಅನ್ನಬೇಡಿ, "ವಿಷಯ" ಅನ್ನಿ ಎಂದು ತನಗೆ ಸೂಚಿಸಿದ್ದರು ಎಂದು ಕೋಮಿ 2017ರಲ್ಲಿ ಸೆನೆಟ್ ಮುಂದೆ ಹೇಳಿದರು. ಹಿಲರಿಯ ಪ್ರಚಾರ ತಂಡವೂ ಆಗ ತನಿಖೆ ಎಂಬ ಮಾತನ್ನು ತಪ್ಪಿಸಿಯೇ ಮಾತಾಡುತ್ತಿತ್ತು. ಕೋಮಿ ಒಪ್ಪಿಕೊಂಡರು, ಆದರೆ ಮನಸ್ಸಿಗೆ ಕಿರಿಕಿರಿ ಆಯಿತು ಎಂದರು.

ಎರಡನೆಯದು ಫೀನಿಕ್ಸ್ ವಿಮಾನ ನಿಲ್ದಾಣ. 2016ರ ಜೂನ್ 27. ಲಿಂಚ್ ಅವರ ವಿಮಾನ ಇಳಿದು ನಿಂತಿದೆ. ಅದೇ ನಿಲ್ದಾಣದಲ್ಲಿ ತಮ್ಮ ವಿಮಾನದಲ್ಲಿದ್ದ ಬಿಲ್ ಕ್ಲಿಂಟನ್ ನೇರವಾಗಿ ಬಂದು ಲಿಂಚ್ ವಿಮಾನ ಹತ್ತಿದರು. ಅರ್ಧ ಗಂಟೆಯ ಆಸುಪಾಸು ಕೂತು ಮಾತಾಡಿದರು. ಮೊಮ್ಮಕ್ಕಳ ವಿಷಯ, ಗಾಲ್ಫ್ ವಿಷಯ, ಹೀಗೇ ಸುಮ್ನೆ ಮಾತು ಎಂದು ಇಬ್ಬರೂ ಹೇಳಿದರು. ತನಿಖೆಯ ಬಗ್ಗೆ ಮಾತಾಡಿದ್ದಕ್ಕೆ ಪುರಾವೆ ಯಾವತ್ತೂ ಸಿಗಲಿಲ್ಲ. ಆದರೆ ಐದೇ ದಿನದಲ್ಲಿ ಹೆಂಡತಿಯನ್ನು ಎಫ್‌ಬಿಐ ವಿಚಾರಣೆ ಮಾಡುವುದಿತ್ತು, ಗಂಡ ಹೋಗಿ ಆ ಕೇಸಿನ ಮೇಲಧಿಕಾರಿಯ ಜೊತೆ ಬಾಗಿಲು ಹಾಕಿಕೊಂಡು ಕೂತರೆ ಜನ ಏನಂದುಕೊಳ್ಳಬೇಕು? ಅವರ ವಿಮಾನ ಹತ್ತುವಾಗಲೇ "ಸರ್, ಈಗ ಬೇಡ" ಅಂದು ಕಳಿಸಬಹುದಿತ್ತು. ಲಿಂಚ್ ಅಷ್ಟು ಮಾಡಲಿಲ್ಲ. ಗಲಾಟೆ ಎದ್ದ ಮೇಲೆ, ಎಫ್‌ಬಿಐ ಮತ್ತು ವೃತ್ತಿಪರ ಪ್ರಾಸಿಕ್ಯೂಟರುಗಳು ಹೇಳಿದ್ದನ್ನು ಒಪ್ಪುತ್ತೇನೆ ಎಂದರು, ಆದರೆ ಕೇಸಿನಿಂದ ಪೂರ್ತಿ ಹಿಂದೆ ಸರಿಯಲೂ ಇಲ್ಲ. ಎರಡು ದೋಣಿಯ ಮೇಲೆ ಕಾಲಿಟ್ಟ ಹಾಗಾಯಿತು.

ನನಗೆ ಇವೆರಡಕ್ಕಿಂತ ಮುಖ್ಯ ಅನ್ನಿಸುವುದು ವಿಚಾರಣೆ ನಡೆದ ರೀತಿ. ಜುಲೈ 2, ಶನಿವಾರ, ವಾಷಿಂಗ್ಟನ್ನಿನ ಎಫ್‌ಬಿಐ ಮುಖ್ಯ ಕಚೇರಿಯಲ್ಲಿ ಹಿಲರಿಯನ್ನು ಸುಮಾರು ಮೂರೂವರೆ ಗಂಟೆ ಪ್ರಶ್ನಿಸಿದರು. ಅವರ ವಕೀಲರಾಗಿ ಒಳಗೆ ಕೂತವರಲ್ಲಿ ಇಬ್ಬರು, ಶೆರಿಲ್ ಮಿಲ್ಸ್ ಮತ್ತು ಹೆದರ್ ಸ್ಯಾಮ್ಯುಯೆಲ್ಸನ್, ಅದೇ ಕೇಸಿನಲ್ಲಿ ಸಾಕ್ಷಿಗಳು! ಯಾವ ಇಮೇಲ್ ಕಚೇರಿಯದು, ಯಾವುದು ಖಾಸಗಿ ಎಂದು ವಿಂಗಡಿಸಿದ ಕೆಲಸದಲ್ಲೇ ಇದ್ದವರು. ಎಫ್‌ಬಿಐ ಅವರನ್ನು ಆಗಲೇ ಪ್ರಶ್ನಿಸಿತ್ತು, ಅವರ ಲ್ಯಾಪ್‌ಟಾಪ್ ಪಡೆಯಲು ಅದರೊಳಗೆ ಸಿಕ್ಕಿದ್ದನ್ನು ಅವರ ವಿರುದ್ಧ ಬಳಸುವುದಿಲ್ಲ ಎಂದು ನ್ಯಾಯ ಇಲಾಖೆ ಬರೆದುಕೊಟ್ಟಿತ್ತು. ಒಬ್ಬ ಸಾಕ್ಷಿ ಇನ್ನೊಬ್ಬರ ಹೇಳಿಕೆ ಕೇಳಿಸಿಕೊಳ್ಳುತ್ತಾ ಪಕ್ಕದಲ್ಲೇ ಕೂರುವುದನ್ನು ಯಾವ ತನಿಖಾಧಿಕಾರಿಯೂ ಬಯಸುವುದಿಲ್ಲ. ಇನ್‌ಸ್ಪೆಕ್ಟರ್ ಜನರಲ್ ವರದಿಯೂ ಇದು ಮಾಮೂಲಿ ತನಿಖಾ ಕ್ರಮಕ್ಕೆ ಹೊಂದುವುದಿಲ್ಲ ಎಂದೇ ಹೇಳಿತು.

ಆ ವಿಚಾರಣೆಗೆ ಎಷ್ಟು ಜನ ಹೋಗಬೇಕು ಎಂಬ ಚರ್ಚೆ ನಡೆದಾಗ, ಎಫ್‌ಬಿಐ ವಕೀಲೆ ಲೀಸಾ ಪೇಜ್ 2016ರ ಫೆಬ್ರುವರಿಯಲ್ಲಿ ಕಳಿಸಿದ ಮೆಸೇಜಿನ ಸಾರ ಹೀಗಿತ್ತು: ಆಕೆ ನಮ್ಮ ಮುಂದಿನ ಅಧ್ಯಕ್ಷೆ ಆಗಬಹುದು, ಯುದ್ಧಕ್ಕೆ ಹೋದ ಹಾಗೆ ಹೋಗಬೇಡಿ. ಇಡೀ ಪ್ರಕರಣದಲ್ಲಿ ಈ ಒಂದು ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಫಸ್ಟ್ ಡಿವಿಷನ್ ಗುಮಾಸ್ತನೊಬ್ಬನ ವಿಚಾರಣೆಗೆ ಹೋಗುವಾಗ ಹೀಗೆ ಯಾರೂ ಯೋಚಿಸುವುದಿಲ್ಲ.

ನಾಲ್ಕನೆಯದು ಕರಡು. ಕೋಮಿ ಜುಲೈ 5ರಂದು ಓದಿದ ಹೇಳಿಕೆಯ ಮೊದಲ ಕರಡನ್ನು ಬರೆದದ್ದು ಮೇ ತಿಂಗಳ ಆರಂಭದಲ್ಲಿ, ಅಂದರೆ ಹಿಲರಿಯನ್ನು ಪ್ರಶ್ನಿಸುವ ಎರಡು ತಿಂಗಳು ಮುಂಚೆ. ಆ ಕರಡಿನಲ್ಲಿ "ಘೋರ ನಿರ್ಲಕ್ಷ್ಯ" ಎಂದಿತ್ತು. ಕೊನೆಯಲ್ಲಿ ಅದು "ತೀರಾ ಅಜಾಗರೂಕತೆ" ಆಯಿತು. ಈ ಬದಲಾವಣೆ ಸುಮ್ಮನೆ ಭಾಷೆ ತಿದ್ದಿದ್ದಲ್ಲ, 1917ರ ಬೇಹುಗಾರಿಕೆ ಕಾಯ್ದೆಯ ಒಂದು ಕಲಮಿನಲ್ಲಿ ಅಪರಾಧಕ್ಕೆ ಇರುವ ಮಾತೇ "ಘೋರ ನಿರ್ಲಕ್ಷ್ಯ". ಅದನ್ನೇ ಬಳಸಿ, ಕೇಸು ಬೇಡ ಅಂದಿದ್ದರೆ ಮರುಕ್ಷಣವೇ ಪ್ರಶ್ನೆ ಬರುತ್ತಿತ್ತು. ವಿಚಾರಣೆಗೆ ಮುಂಚೆಯೇ ತೀರ್ಪು ಬರೆದಿಟ್ಟಿದ್ದರು ಎಂದು ರಿಪಬ್ಲಿಕನ್ನರು ಕೂಗಿದ್ದು ಇದನ್ನು ಹಿಡಿದುಕೊಂಡೇ.

ಇಲ್ಲಿ ನಾನು ಅವರ ಜೊತೆ ಅರ್ಧ ದಾರಿ ಮಾತ್ರ ಹೋಗುತ್ತೇನೆ. ಹತ್ತು ತಿಂಗಳು ತನಿಖೆ ಮಾಡಿದವರಿಗೆ ಕೇಸು ಎತ್ತ ಸಾಗುತ್ತಿದೆ ಎಂಬ ಅಂದಾಜು ಇರುವುದು ಸಹಜ. ಬೇಕಂತಲೇ ರಹಸ್ಯ ಹೊರಗೆ ಬಿಟ್ಟದ್ದಕ್ಕೆ, ತನಿಖೆಗೆ ಅಡ್ಡಿ ಮಾಡಿದ್ದಕ್ಕೆ ಪುರಾವೆ ಸಿಕ್ಕಿರಲಿಲ್ಲ. ಆ ಘೋರ ನಿರ್ಲಕ್ಷ್ಯದ ಕಲಮನ್ನು 99 ವರ್ಷದಲ್ಲಿ ಒಂದೇ ಒಂದು ಸಲ ಬಳಸಿದ್ದಾರೆ ಎಂದು ಕೋಮಿಯೇ ಕಾಂಗ್ರೆಸ್‌ಗೆ ಹೇಳಿದರು. ಎಲ್ಲರೂ ಹೋಲಿಸುವ ಸಿಐಎ ಮಾಜಿ ನಿರ್ದೇಶಕ ಡೇವಿಡ್ ಪೆಟ್ರೇಯಸ್ ಕೇಸನ್ನೇ ನೋಡಿ. ಅವರು ರಹಸ್ಯ ಟಿಪ್ಪಣಿ ಪುಸ್ತಕಗಳನ್ನು ತಮ್ಮ ಜೀವನಚರಿತ್ರೆ ಬರೆಯುತ್ತಿದ್ದವರ ಕೈಗೆ ಕೊಟ್ಟಿದ್ದರು, ಎಫ್‌ಬಿಐಗೆ ಸುಳ್ಳು ಹೇಳಿದ್ದರು. ಅಷ್ಟಾದರೂ 2015ರಲ್ಲಿ ಅದು ಸಣ್ಣ ಅಪರಾಧದ ತಪ್ಪೊಪ್ಪಿಗೆಯಲ್ಲಿ ಮುಗಿಯಿತು: ಎರಡು ವರ್ಷ ಪ್ರೊಬೇಷನ್, 1 ಲಕ್ಷ ಡಾಲರ್ ದಂಡ. ಇದರ ಮುಂದೆ ಹಿಲರಿ ಮೇಲೆ ಕೇಸು ನಿಲ್ಲುವುದು ಕಷ್ಟವಿತ್ತು. ಹಾಗಾಗಿ ಕೇಸು ಹಾಕದ ತೀರ್ಮಾನ ಸರಿ ಅನ್ನುವುದೇ ನನ್ನ ಅಭಿಪ್ರಾಯ. ಆ ತೀರ್ಮಾನಕ್ಕೆ ಹೋದ ದಾರಿಯಲ್ಲಿ ಅವರನ್ನು ಮೆಲ್ಲಗೆ, ಹುಷಾರಾಗಿ ನಡೆಸಿಕೊಂಡರು ಅನ್ನುವುದೂ ಅಷ್ಟೇ ನಿಜ. ದಾಖಲೆಗಳನ್ನು ಆದಷ್ಟೂ ಒಪ್ಪಿಗೆಯ ಮೇಲೆ ಕೇಳಿ ಪಡೆದರು, ಆಪ್ತ ಸಹಾಯಕರ ಸ್ವಂತ ಮೊಬೈಲುಗಳನ್ನು ವಶಕ್ಕೆ ಪಡೆಯುವ ಗೋಜಿಗೇ ಹೋಗಲಿಲ್ಲ.

ಅನ್ಯಾಯ

ಈಗ ಮತ್ತೆ ಜುಲೈ 5ಕ್ಕೆ ಬನ್ನಿ. ಅಮೆರಿಕದಲ್ಲಿ ಕೆಲಸದ ಕ್ರಮ ಹೀಗಿದೆ: ಎಫ್‌ಬಿಐ ತನಿಖೆ ಮಾಡಿ ಪುರಾವೆ ಒಪ್ಪಿಸುತ್ತದೆ, ಕೇಸು ಹಾಕುವುದೋ ಬಿಡುವುದೋ ನ್ಯಾಯ ಇಲಾಖೆಯ ಪ್ರಾಸಿಕ್ಯೂಟರುಗಳ ಕೆಲಸ. ಕೇಸು ಹಾಕುವುದಿಲ್ಲ ಎಂದಾದರೆ ಆ ವ್ಯಕ್ತಿಯ ಬಗ್ಗೆ ತುಟಿ ಬಿಚ್ಚುವ ಹಾಗಿಲ್ಲ. ಯಾಕೆಂದರೆ ಕೋರ್ಟಿಗೆ ಹೋದವನಿಗೆ ತನ್ನ ಮಾತು ಹೇಳಲು ಒಂದು ಜಾಗ ಇರುತ್ತದೆ, ಕೇಸೇ ಇಲ್ಲದವನಿಗೆ ಆ ಜಾಗ ಇರುವುದಿಲ್ಲ. ಆಪಾದನೆ ಮಾತ್ರ ಗಾಳಿಯಲ್ಲಿ ಉಳಿದುಬಿಡುತ್ತದೆ.

ಕೋಮಿ ಆ ಎರಡೂ ಗೆರೆ ದಾಟಿದರು. ಏನು ಹೇಳಲಿದ್ದೇನೆ ಎಂದು ತಮ್ಮ ಮೇಲಧಿಕಾರಿ ಲಿಂಚ್ ಅವರಿಗಾಗಲೀ ಲಿಂಚ್ ಅವರ ಡೆಪ್ಯೂಟಿ ಸ್ಯಾಲಿ ಯೇಟ್ಸ್ ಅವರಿಗಾಗಲೀ ಹೇಳಲಿಲ್ಲ. ಅವತ್ತು ಬೆಳಿಗ್ಗೆ ಫೋನ್ ಮಾಡಿ, ಹೇಳಿಕೆ ಕೊಡುತ್ತಿದ್ದೇನೆ ಎಂದಷ್ಟೇ ತಿಳಿಸಿದರು. ಆಮೇಲೆ ಸುಮಾರು ಹದಿನೈದು ನಿಮಿಷ, ಕೇಸು ಹಾಕಲು ಆಗದ ಮಹಿಳೆಯ ತಪ್ಪುಗಳನ್ನು ಒಂದೊಂದಾಗಿ ದೇಶದ ಮುಂದೆ ಓದಿ, ಕೊನೆಯಲ್ಲಿ ಯಾವ ವಿವೇಕವಂತ ಪ್ರಾಸಿಕ್ಯೂಟರೂ ಇಂಥ ಕೇಸು ಹಾಕುವುದಿಲ್ಲ ಎಂದರು. ಬಿಡುಗಡೆಯೂ ಬೈಗುಳವೂ ಒಂದೇ ಉಸಿರಿನಲ್ಲಿ. ಅದೇ ತಿಂಗಳು ಕ್ಲೀವ್‌ಲ್ಯಾಂಡಿನ ರಿಪಬ್ಲಿಕನ್ ಸಮಾವೇಶದಲ್ಲಿ "ಆಕೆಯನ್ನು ಒಳಗೆ ಹಾಕಿ" ಎಂಬ ಘೋಷಣೆ ಮೊಳಗಿತು. ಕೂಗಿದವರ ಬಾಯಲ್ಲಿ ಕೋಮಿಯ ಮಾತುಗಳೇ ಸಾಕ್ಷಿಯಾಗಿ ಬಂದವು.

ಅವತ್ತು ಡೆಮಾಕ್ರಟರು ಚಪ್ಪಾಳೆ ತಟ್ಟಿದ್ದು ಯಾಕೆ? ಫಲಿತಾಂಶ ತಮ್ಮ ಪರವಾಗಿತ್ತು. ಪದ್ಧತಿ ಮುರಿದದ್ದರ ಬಗ್ಗೆ ಗಟ್ಟಿಯಾಗಿ ಮಾತಾಡಿದ ಡೆಮಾಕ್ರಟಿಕ್ ನಾಯಕರು ಆಗ ತೀರಾ ಕಡಿಮೆ. ನನಗೆ ಬೇಜಾರಾಗುವುದು ಇದಕ್ಕೇ. ಆಗಲೇ ಗಟ್ಟಿಯಾಗಿ ಆಕ್ಷೇಪ ಎತ್ತಿದ್ದರೆ ಅಕ್ಟೋಬರ್‌ನಲ್ಲಿ ಎತ್ತಿದ ದೂರಿಗೆ ಹತ್ತು ಪಟ್ಟು ತೂಕ ಇರುತ್ತಿತ್ತು.

ಕೋಮಿಯ ಸಮರ್ಥನೆ ಏನೆಂದರೆ, ಲಿಂಚ್ ಮೇಲೆ ಜನರ ನಂಬಿಕೆ ಹೋಗಿತ್ತು, ಇಲಾಖೆ ಸುಮ್ಮನೆ "ಕೇಸು ಇಲ್ಲ" ಎಂದಿದ್ದರೆ ಯಾರೂ ನಂಬುತ್ತಿರಲಿಲ್ಲ, ಅದಕ್ಕೆ ನಾನೇ ಒಬ್ಬಂಟಿಯಾಗಿ ನಿಂತು ಎಲ್ಲವನ್ನೂ ತೆರೆದಿಟ್ಟೆ. ಕೇಳಲು ಚೆನ್ನಾಗಿದೆ. ಆದರೆ ಫೀನಿಕ್ಸ್ ಭೇಟಿ ನಡೆದದ್ದು ಜೂನ್ ಕೊನೆಯಲ್ಲಿ, ಕರಡು ಹುಟ್ಟಿದ್ದು ಮೇ ಆರಂಭದಲ್ಲಿ. ಒಬ್ಬರೇ ನಿಂತು ಘೋಷಿಸುವ ಯೋಚನೆ ವಿಮಾನ ನಿಲ್ದಾಣಕ್ಕಿಂತ ಮುಂಚೆಯೇ ಇತ್ತು. ಮತ್ತೆ, ಮೇಲಧಿಕಾರಿ ನಿಷ್ಪಕ್ಷವಾಗಿಲ್ಲ ಅನ್ನಿಸಿದರೆ ಅದಕ್ಕೆ ದಾರಿಗಳಿವೆ, ಹಿಂದೆ ಸರಿಯಿರಿ ಎಂದು ಕೇಳಬಹುದಿತ್ತು, ವಿಶೇಷ ವಕೀಲರನ್ನು ನೇಮಿಸಿ ಎಂದು ಒತ್ತಾಯಿಸಬಹುದಿತ್ತು. ಅವರ ಅಧಿಕಾರವನ್ನೇ ತಾನು ಕೈಗೆ ತೆಗೆದುಕೊಳ್ಳುವುದು ಅದರಲ್ಲಿ ಸೇರಿರಲಿಲ್ಲ. ಇನ್‌ಸ್ಪೆಕ್ಟರ್ ಜನರಲ್ ಮೈಕಲ್ ಹೊರೊವಿಟ್ಜ್ ಇದನ್ನು ಅಸಾಮಾನ್ಯ ಮತ್ತು ಅವಿಧೇಯ ನಡವಳಿಕೆ ಎಂದರು.

ಒಂದು ಲ್ಯಾಪ್‌ಟಾಪ್, ಒಂದು ತಿಂಗಳು

ಸೆಪ್ಟೆಂಬರ್ ಕೊನೆಯಲ್ಲಿ ನ್ಯೂಯಾರ್ಕಿನ ಎಫ್‌ಬಿಐ ಕಚೇರಿ ಬೇರೆಯೇ ಒಂದು ಕೇಸಿಗಾಗಿ ಒಂದು ಲ್ಯಾಪ್‌ಟಾಪ್ ವಶಪಡಿಸಿಕೊಂಡಿತು. ಅದು ಮಾಜಿ ಕಾಂಗ್ರೆಸ್ ಸದಸ್ಯ ಆಂಥನಿ ವೀನರ್ ಅವರದು, ಅಪ್ರಾಪ್ತ ಬಾಲಕಿಯೊಬ್ಬಳಿಗೆ ಅಶ್ಲೀಲ ಸಂದೇಶ ಕಳಿಸಿದ ಆರೋಪ. ವೀನರ್ ಹೆಂಡತಿ ಹುಮಾ ಅಬೆದಿನ್, ಹಿಲರಿಯ ಅತಿ ಹತ್ತಿರದ ಸಹಾಯಕಿ. ಲ್ಯಾಪ್‌ಟಾಪ್ ತೆರೆದ ಏಜೆಂಟಿಗೆ ಲಕ್ಷಗಟ್ಟಲೆ ಇಮೇಲ್ ಕಂಡವು, ಅದರಲ್ಲಿ ಹಿಲರಿಗೆ ಸಂಬಂಧಪಟ್ಟವೂ ಇದ್ದವು. ಆತ ಮೇಲೆ ತಿಳಿಸಿದ. ಸೆಪ್ಟೆಂಬರ್ 28ರ ಹೊತ್ತಿಗೆ ವಿಷಯ ಮುಖ್ಯ ಕಚೇರಿಯ ದೊಡ್ಡವರಿಗೆಲ್ಲ ಮುಟ್ಟಿತ್ತು.

ಆಮೇಲೆ ಸುಮಾರು ಒಂದು ತಿಂಗಳು ಏನೂ ಆಗಲಿಲ್ಲ.

ಯಾಕೆ ಎಂದು ಕೇಳಿದಾಗ ಕೊಟ್ಟ ಕಾರಣಗಳು ಹಲವು. ನ್ಯೂಯಾರ್ಕಿನಿಂದ ಹೆಚ್ಚಿನ ವಿವರ ಬರಲಿ ಎಂದು ಕಾಯುತ್ತಿದ್ದೆವು, ಹೊಸ ವಾರಂಟ್ ಇಲ್ಲದೆ ನೋಡುವಂತಿರಲಿಲ್ಲ, ತಂಡದವರನ್ನು ಟ್ರಂಪ್ ತಂಡದ ರಷ್ಯಾ ನಂಟಿನ ತನಿಖೆಗೆ ಹಾಕಿದ್ದೆವು, ಇದು ಅಷ್ಟು ಮುಖ್ಯ ಅನ್ನಿಸಲಿಲ್ಲ. ಹೊರೊವಿಟ್ಜ್ ಇವುಗಳಲ್ಲಿ ಒಂದನ್ನೂ ಒಪ್ಪಲಿಲ್ಲ. ಅಕ್ಟೋಬರ್ ಕೊನೆಯಲ್ಲಿ ವಾರಂಟಿಗೆ ಕೊಟ್ಟ ಕಾರಣಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಸೆಪ್ಟೆಂಬರ್ 29ಕ್ಕೇ ಎಫ್‌ಬಿಐಗೆ ಗೊತ್ತಿದ್ದವು ಎಂದು ಬರೆದರು. ನ್ಯೂಯಾರ್ಕಿನ ಏಜೆಂಟ್ ಮಾತ್ರ ಒಳಗೊಳಗೇ ಬೆಂದುಹೋಗಿದ್ದ. ಇಷ್ಟು ದೊಡ್ಡ ವಿಷಯ ತನ್ನ ಮೇಜಿನ ಮೇಲಿದೆ, ಮೇಲಿನವರು ಯಾರೂ ಕೇಳುತ್ತಿಲ್ಲ, ನಾಳೆ ತಪ್ಪು ತನ್ನ ತಲೆಗೇ ಬರುತ್ತದೆ ಎಂದು ಹೆದರಿ, ಅಕ್ಟೋಬರ್ ಮೂರನೇ ವಾರದಲ್ಲಿ ತನ್ನ ಕೇಸಿನ ಪ್ರಾಸಿಕ್ಯೂಟರುಗಳ ಹತ್ತಿರ ಹೇಳಿಕೊಂಡ. ಅವರು ನ್ಯಾಯ ಇಲಾಖೆಗೆ ತಿಳಿಸಿದರು. ಹಾಗೆ ಅದು ಮತ್ತೆ ಮೇಲೆದ್ದಿತು. ಅಕ್ಟೋಬರ್ 27ರಂದು ಕೋಮಿ ಮುಂದೆ ಬಂತು, 28ರಂದು ಪತ್ರ ಹೋಯಿತು, 30ರಂದು ವಾರಂಟ್ ಸಿಕ್ಕಿತು, ನವೆಂಬರ್ 6ರಂದು, ಅಂದರೆ ಮತದಾನಕ್ಕೆ ಎರಡು ದಿನ ಮುಂಚೆ, ಏನೂ ಹೊಸದಿಲ್ಲ, ನಮ್ಮ ತೀರ್ಮಾನ ಬದಲಾಗಿಲ್ಲ ಎಂದು ಎರಡನೇ ಪತ್ರ.

ಒಂದೇ ವಾರದಲ್ಲಿ ಮುಗಿಯುವ ಕೆಲಸ. ಅದನ್ನು ಅಕ್ಟೋಬರ್ ಮೊದಲ ವಾರದಲ್ಲೇ ಮಾಡಿ ಮುಗಿಸಬಹುದಿತ್ತು, ಯಾರಿಗೂ ಗೊತ್ತೇ ಆಗುತ್ತಿರಲಿಲ್ಲ.

ಚುನಾವಣೆ ಹತ್ತಿರ ಇರುವಾಗ ಫಲಿತಾಂಶದ ಮೇಲೆ ಪರಿಣಾಮ ಆಗುವಂಥ ಹೆಜ್ಜೆ ಇಡಬಾರದು ಎಂಬುದು ನ್ಯಾಯ ಇಲಾಖೆಯ ಹಳೆಯ ರೂಢಿ. ಈ ಪತ್ರ ಅದಕ್ಕೆ ವಿರುದ್ಧ ಎಂದು ಇಲಾಖೆಯವರು ಕೆಳಗಿನ ಅಧಿಕಾರಿಗಳ ಮೂಲಕ ಕೋಮಿಗೆ ಹೇಳಿ ಕಳಿಸಿದರು. ಲಿಂಚ್ ನೇರವಾಗಿ ಕರೆದು "ಬೇಡ" ಅನ್ನಲಿಲ್ಲ. ಕೋಮಿ ನೇರವಾಗಿ ಹೋಗಿ ಕೇಳಲಿಲ್ಲ. ಇಂಥ ತೀರ್ಮಾನದ ಹೊತ್ತಿನಲ್ಲಿ ಇಬ್ಬರು ದೊಡ್ಡ ಅಧಿಕಾರಿಗಳು ಒಬ್ಬರಿಗೊಬ್ಬರು ಮಾತಾಡಲಿಲ್ಲ ಎನ್ನುವುದನ್ನು ಓದಿದಾಗ ನನಗೆ ಸಿಟ್ಟೇ ಬಂತು. ಕೋಮಿ ಆಮೇಲೆ ಹೇಳಿದ್ದು, ತನ್ನ ಮುಂದೆ ಇದ್ದದ್ದು ಎರಡೇ ಬಾಗಿಲು, ಹೇಳುವುದು ಅಥವಾ ಮುಚ್ಚಿಡುವುದು. ಇದರಿಂದ ಚುನಾವಣೆಯ ಮೇಲೆ ಏನಾದರೂ ಪರಿಣಾಮ ಆಗಿರಬಹುದು ಎಂದು ನೆನೆದರೆ ತುಸು ವಾಕರಿಕೆ ಬರುತ್ತದೆ ಎಂದು 2017ರ ಮೇನಲ್ಲಿ ಸೆನೆಟ್‌ನಲ್ಲಿ ಹೇಳಿದರು. ಆದರೆ ನಡೆಯುತ್ತಿರುವ ತನಿಖೆಯ ಬಗ್ಗೆ ಸುಮ್ಮನಿರುವುದು ಮುಚ್ಚಿಡುವುದಲ್ಲ, ಅದೇ ನಿಯಮ. ಹಾಗೆ ಸುಮ್ಮನಿರುವುದು ಎಫ್‌ಬಿಐಗೆ ಚೆನ್ನಾಗಿ ಗೊತ್ತಿತ್ತು ಕೂಡ. ಅದೇ ಹೊತ್ತಿನಲ್ಲಿ ಟ್ರಂಪ್ ಪ್ರಚಾರ ತಂಡ ಮತ್ತು ರಷ್ಯಾ ನಂಟಿನ ಬಗ್ಗೆ ಜುಲೈ 31ರಿಂದಲೇ ಇನ್ನೊಂದು ತನಿಖೆ ನಡೆಯುತ್ತಿತ್ತು, ಅದರ ಬಗ್ಗೆ ಮತದಾನದವರೆಗೂ ಕೋಮಿ ಒಂದು ಮಾತೂ ಆಡಲಿಲ್ಲ. ಆಡದಿದ್ದದ್ದು ಸರಿಯೇ. ಹಿಲರಿ ವಿಷಯದಲ್ಲೂ ಅಷ್ಟೇ ಮಾಡಬೇಕಿತ್ತು. ಡೆಮಾಕ್ರಟರ ದೂರಿನಲ್ಲಿ ಎಲ್ಲಕ್ಕಿಂತ ಗಟ್ಟಿಯಾದದ್ದು ಇದು, ಇದಕ್ಕೆ ಒಪ್ಪುವಂಥ ಉತ್ತರವನ್ನು ನಾನು ಇನ್ನೂ ಕೇಳಿಲ್ಲ.

ಟ್ರಂಪ್ ಗೆದ್ದರು. ವಿಸ್ಕಾನ್ಸಿನ್, ಮಿಷಿಗನ್, ಪೆನ್ಸಿಲ್ವೇನಿಯಾ ಮೂರೂ ರಾಜ್ಯ ಸೇರಿ ಅಂತರ ಸುಮಾರು 78 ಸಾವಿರ ಮತ. ಪತ್ರದಿಂದಲೇ ಸೋತರಾ? ಆ ಚರ್ಚೆಗೆ ನಾನು ಹೋಗುವುದಿಲ್ಲ. ಹಿಲರಿ ಅದೇ ಮೂರು ರಾಜ್ಯ ಗೆದ್ದಿದ್ದರೂ ಆ ಪತ್ರ ತಪ್ಪೇ ಆಗಿರುತ್ತಿತ್ತು.

ಎಲ್ಲರೂ ತಪ್ಪು ಕಡೆ ಹುಡುಕಿದ ಪಕ್ಷಪಾತ

2017ರ ಮೇ 9ರಂದು ಟ್ರಂಪ್ ಕೋಮಿಯನ್ನು ಕೆಲಸದಿಂದ ತೆಗೆದರು. ಜೊತೆಗೆ ಕೊಟ್ಟ ಕಾರಣಪತ್ರ ಡೆಪ್ಯೂಟಿ ಅಟಾರ್ನಿ ಜನರಲ್ ರಾಡ್ ರೋಸೆನ್‌ಸ್ಟೈನ್ ಬರೆದದ್ದು. ಅದರಲ್ಲಿದ್ದ ಆಪಾದನೆಯೇ ಕೋಮಿ ಹಿಲರಿ ತನಿಖೆಯನ್ನು ನಡೆಸಿದ ರೀತಿ ತಪ್ಪು, ಕೇಸು ಹಾಕದವರ ಬಗ್ಗೆ ಸಾರ್ವಜನಿಕವಾಗಿ ಕೆಟ್ಟದಾಗಿ ಮಾತಾಡಿದ್ದು ತಪ್ಪು ಎಂದು. ಸಭೆಯಲ್ಲಿ ಗುಂಡಿಗೆ ಬೇಕು ಎಂದು ಹೊಗಳಿದ್ದವರ ಸರ್ಕಾರವೇ ಬರೆದದ್ದು ಇದು. ಎರಡೇ ದಿನದಲ್ಲಿ ಟಿವಿ ಸಂದರ್ಶನದಲ್ಲಿ, ಕೋಮಿಯನ್ನು ತೆಗೆದದ್ದರ ಬಗ್ಗೆ ಹೇಳುವಾಗ ಟ್ರಂಪ್ ಬಾಯಲ್ಲಿ ರಷ್ಯಾ ವಿಷಯ ಬಂತು. ಕಾರಣಪತ್ರದ ವಾದ ನ್ಯಾಯವಾದದ್ದೇ, ಅದನ್ನು ಬಳಸಿದ ಹೊತ್ತು ಮಾತ್ರ ಯಾರೂ ನಂಬುವಂಥದ್ದಾಗಿರಲಿಲ್ಲ. ಡೆಮಾಕ್ರಟರೂ ಅಷ್ಟು ಹೊತ್ತಿಗೆ ತಿರುಗಿ ಕೋಮಿಯ ಪರ ನಿಂತಿದ್ದರು.

ಆಮೇಲೆ ಬಂತು ಪೀಟರ್ ಸ್ಟ್ರಾಕ್ ಮೆಸೇಜುಗಳು. ಇವರು ಹಿಲರಿ ತನಿಖೆಯ ಮುಖ್ಯ ಏಜೆಂಟರಲ್ಲೊಬ್ಬರು, ರಷ್ಯಾ ತನಿಖೆಯಲ್ಲೂ ಇದ್ದರು. 2016ರ ಆಗಸ್ಟ್‌ನಲ್ಲಿ ಲೀಸಾ ಪೇಜ್, ಟ್ರಂಪ್ ಅಧ್ಯಕ್ಷ ಆಗೋದಿಲ್ಲ ತಾನೇ ಎಂದು ಕೇಳಿದಾಗ ಇವರು "ಇಲ್ಲ, ಆಗಲ್ಲ, ನಾವು ತಡೆಯುತ್ತೇವೆ" ಎಂದು ಬರೆದಿದ್ದರು. ಒಬ್ಬ ತನಿಖಾಧಿಕಾರಿ ಬರೆಯಬಾರದ ಮಾತು, ಅದರಲ್ಲಿ ಎರಡನೇ ಮಾತೇ ಇಲ್ಲ. ರಿಪಬ್ಲಿಕನ್ನರಿಗೆ ಇಡೀ ಪ್ರಕರಣದ ಬೀಗದ ಕೈ ಸಿಕ್ಕಂತಾಯಿತು.

2018ರ ಜೂನ್ 14ರ ಹೊರೊವಿಟ್ಜ್ ವರದಿ ಇದನ್ನು ತೂಗಿ ನೋಡಿತು. ಹಿಲರಿ ತನಿಖೆಯ ನಿರ್ದಿಷ್ಟ ತೀರ್ಮಾನಗಳು ಪಕ್ಷಪಾತದಿಂದಲೇ ಆದವು ಎನ್ನಲು ದಾಖಲೆಯಲ್ಲಾಗಲೀ ಹೇಳಿಕೆಗಳಲ್ಲಾಗಲೀ ಪುರಾವೆ ಇಲ್ಲ ಎಂದಿತು. ಹೆಚ್ಚಿನ ತೀರ್ಮಾನಗಳನ್ನು ಸ್ಟ್ರಾಕ್ ಒಬ್ಬರೇ ಮಾಡಿರಲಿಲ್ಲ, ಎಷ್ಟೋ ಕಡೆ ಅವರು ಇನ್ನೂ ಕಟುವಾಗಿ ಹೋಗೋಣ ಎಂದೇ ಹೇಳಿದ್ದರು. ಒಂದೇ ಒಂದು ಕಡೆ ಮಾತ್ರ ವರದಿ ತಡೆದು ನಿಂತಿತು. ಲ್ಯಾಪ್‌ಟಾಪನ್ನು ಬದಿಗಿಟ್ಟು ರಷ್ಯಾ ತನಿಖೆಗೆ ಆದ್ಯತೆ ಕೊಟ್ಟ ಸ್ಟ್ರಾಕ್ ತೀರ್ಮಾನ ಪಕ್ಷಪಾತವಿಲ್ಲದ್ದು ಎಂಬ ಭರವಸೆ ನಮಗಿಲ್ಲ ಎಂದಿತು.

ಇದರ ಅರ್ಥ ಏನು ಅಂತ ಒಂದು ಕ್ಷಣ ನಿಂತು ಯೋಚಿಸಿ. ಹಿಲರಿ ಮೇಲಿನ ಒಲವಿನಿಂದಲೇ ಲ್ಯಾಪ್‌ಟಾಪ್ ಒಂದು ತಿಂಗಳು ಬಿದ್ದಿತ್ತು ಎಂದೇ ಇಟ್ಟುಕೊಳ್ಳಿ. ಆ ತಡದಿಂದಲೇ ಪತ್ರ ಚುನಾವಣೆಯ 11 ದಿನದ ಬುಡಕ್ಕೆ ಬಂದು ಬಿತ್ತು. ಒಲವೇ ಇಲ್ಲದಿದ್ದರೆ ಹಿಲರಿಗೆ ಆ ಏಟು ಬೀಳುತ್ತಲೇ ಇರಲಿಲ್ಲ.

ಕೋಮಿ ಅಕ್ಟೋಬರ್ 28ರಂದು ಯಾಕೆ ಹಾಗೆ ಮಾಡಿದರು? ಹಿಲರಿ ಗೆದ್ದೇ ಗೆಲ್ಲುತ್ತಾರೆ ಎಂದು ಸಮೀಕ್ಷೆಗಳು ಹೇಳುತ್ತಿದ್ದವು, ಅದು ತನ್ನ ಮನಸ್ಸಿನಲ್ಲೂ ಇದ್ದಿರಬೇಕು ಎಂದು ಅವರೇ ಆಮೇಲೆ ಹೇಳಿದ್ದಾರೆ. ಗೆದ್ದ ಮೇಲೆ ಈ ಇಮೇಲ್ ವಿಷಯ ಹೊರಬಂದರೆ ಎಫ್‌ಬಿಐ ಮುಚ್ಚಿಟ್ಟಿತು ಎನ್ನುತ್ತಾರೆ, ಅವರ ಅಧ್ಯಕ್ಷಗಿರಿಯೇ ಪ್ರಶ್ನೆಗೆ ಬೀಳುತ್ತದೆ ಎಂಬ ಲೆಕ್ಕ. ಈಗ ಪೇಜ್ ಕಳಿಸಿದ ಆ ಮೆಸೇಜನ್ನು ಪಕ್ಕಕ್ಕಿಡಿ: ಆಕೆ ಮುಂದಿನ ಅಧ್ಯಕ್ಷೆ ಆಗಬಹುದು, ಹುಷಾರು. ರಿಯಾಯ್ತಿ ಕೊಟ್ಟದ್ದೂ ಈ ಊಹೆಯಿಂದ, ಏಟು ಬಿದ್ದದ್ದೂ ಇದೇ ಊಹೆಯಿಂದ. ಯಾರು ಯಾವ ಪಕ್ಷದವರು ಎಂದು ಹುಡುಕಿದವರಿಗೆ ಇದು ಸಿಗುವುದಿಲ್ಲ. ಕೋಮಿ ಜೀವನದ ಹೆಚ್ಚು ಕಾಲ ರಿಪಬ್ಲಿಕನ್ ಆಗಿದ್ದವರು, ಬುಷ್ ಕಾಲದಲ್ಲಿ ಡೆಪ್ಯೂಟಿ ಅಟಾರ್ನಿ ಜನರಲ್, ಎಫ್‌ಬಿಐಗೆ ನೇಮಿಸಿದ್ದು ಒಬಾಮಾ. ಅವರ ಕೈಯನ್ನು ನಡೆಸಿದ್ದು ಪಕ್ಷಕ್ಕಿಂತ ಜಾಸ್ತಿ, ನಾಳೆ ಜನ ನಮ್ಮ ಬಗ್ಗೆ ಏನನ್ನುತ್ತಾರೆ ಎಂಬ ಲೆಕ್ಕಾಚಾರ.

ಹಾಗಂತ ಎಫ್‌ಬಿಐ ಟ್ರಂಪ್ ವಿಷಯದಲ್ಲಿ ತಪ್ಪೇ ಮಾಡಿಲ್ಲ ಎಂದಲ್ಲ. 2019ರ ಡಿಸೆಂಬರ್‌ನಲ್ಲಿ ಅದೇ ಹೊರೊವಿಟ್ಜ್, ಟ್ರಂಪ್ ತಂಡದ ಮಾಜಿ ಸಲಹೆಗಾರ ಕಾರ್ಟರ್ ಪೇಜ್ ಮೇಲೆ ಕಣ್ಗಾವಲಿಗೆ ಕೋರ್ಟಿನಿಂದ ಪಡೆದ ಅನುಮತಿಗಳಲ್ಲಿ 17 ಗಂಭೀರ ತಪ್ಪು, ಬಿಟ್ಟುಹೋದ ಸಂಗತಿಗಳನ್ನು ಪಟ್ಟಿ ಮಾಡಿದರು. 2023ರಲ್ಲಿ, ರಷ್ಯಾ ತನಿಖೆ ಹೇಗೆ ನಡೆಯಿತು ಎಂದು ನೋಡಲು ನೇಮಕವಾಗಿದ್ದ ವಿಶೇಷ ವಕೀಲ ಜಾನ್ ಡರ್ಹಮ್ ವರದಿ, ಹಿಲರಿ ತಂಡದ ವಿಷಯದಲ್ಲಿ ತೋರಿದ ಹುಷಾರು ಟ್ರಂಪ್ ತಂಡದ ವಿಷಯದಲ್ಲಿ ತೋರಲಿಲ್ಲ ಎಂದಿತು. ಹಿಲರಿಗೆ ಆದ ಅನ್ಯಾಯ ನಿಜ ಎಂದು ಒಪ್ಪುವವರು ಇದನ್ನೂ ಒಪ್ಪಬೇಕು.

ಹೊರೊವಿಟ್ಜ್ 2018ರ ವರದಿಯ ಕೊನೆಯಲ್ಲಿ ಒಂಬತ್ತು ಶಿಫಾರಸು ಮಾಡಿದ್ದರು. ಅದರಲ್ಲಿ ಎರಡು ಈ ಪ್ರಕರಣದ ಬುಡಕ್ಕೇ ಹೋಗುತ್ತವೆ: ಕೇಸು ಹಾಕದವರ ನಡತೆಯ ಬಗ್ಗೆ ಸಾರ್ವಜನಿಕವಾಗಿ ಮಾತಾಡುವುದಕ್ಕೆ ಸ್ಪಷ್ಟ ನಿಯಮ ಬೇಕು, ಚುನಾವಣೆಗೆ ಮುಂಚೆ ಯಾವ ಹೆಜ್ಜೆ ಇಡಬಹುದು ಯಾವುದು ಇಡಬಾರದು ಎಂಬುದಕ್ಕೆ ಬರವಣಿಗೆಯಲ್ಲಿ ಮಾರ್ಗದರ್ಶನ ಬೇಕು. ಆ ವಾರ ಟಿವಿಯಲ್ಲಿ ಮಾತಾಡಿದವರಲ್ಲಿ ರಿಪಬ್ಲಿಕನ್ನರು "ತಡೆಯುತ್ತೇವೆ" ಎಂಬ ಮೆಸೇಜನ್ನೇ ಓದಿದರು. ಡೆಮಾಕ್ರಟರು "ಪಕ್ಷಪಾತಕ್ಕೆ ಪುರಾವೆ ಇಲ್ಲ" ಎಂಬ ಸಾಲನ್ನೇ ಓದಿದರು. ವರದಿಯನ್ನು ಕೈಗೆತ್ತಿಕೊಳ್ಳುವವರಿಗೆ ನನ್ನ ಸಲಹೆ, ಮೊದಲು ಆ ಒಂಬತ್ತು ಶಿಫಾರಸುಗಳನ್ನು ಓದಿ, ಮೆಸೇಜುಗಳಿಗೆ ಆಮೇಲೆ ಹೋಗಿ.